ಎಂಟು ಗಂಟೆಯ ದಾರಿ

ಮೊಳಕಾಲ್ಮೂರು
18 ಫೆಬ್ರವರಿ 2024

ತಮ್ಮ ಇಫ್ತಿಕಾರನಿಗೆ ಸಲಾಮು.

ನಿನ್ನ ಅಕ್ಕ ಜೀನತ್ ಬರೆಯುತ್ತಿದ್ದೇನೆ. ನೀನು ನನ್ನ ನಂಬರು ಬ್ಲಾಕ್ ಮಾಡಿ ಮೂರು ತಿಂಗಳಾಯಿತು. ಶುಕ್ರವಾರ ಬಂತೆಂದರೆ ಅಮ್ಮಿಯ ಫೋನಿಗೆ ಮಾಡುತ್ತೀಯ, ನಡುವೆ ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀಯ. ಇರಲಿ. ಅಂಚೆಯವರಿಗೆ ಬ್ಲಾಕ್ ಮಾಡಲು ಬರುವುದಿಲ್ಲ. ಜಾಂಬಿಯಾಕ್ಕೆ ಕಾಗದ ಹೋಗುತ್ತದಾ ಎಂದು ಪೋಸ್ಟ್ ಆಫೀಸಿನಲ್ಲಿ ಕೇಳಿದೆ. ಕೌಂಟರಿನ ಸ್ವಪ್ನ ಕಂಪ್ಯೂಟರಿನಲ್ಲಿ ಹುಡುಕಿ, "ಹೋಗ್ತೈತಂತೆ ಅಕ್ಕ, ಯಾವಾಗ ಮುಟ್ತೈತೆ ಅಂತ ಮಾತ್ರ ಕೇಳ್ಬೇಡ್ರಿ" ಎಂದಳು. ನಮ್ಮಿಬ್ಬರ ಉರ್ದು ಬಾಯಲ್ಲಷ್ಟೇ, ಬರೆಯಲು ಬರುವುದು ಸರ್ಕಾರಿ ಶಾಲೆಯ ಕನ್ನಡ. ಜಗಳಕ್ಕೆ ಆ ಭಾಷೆ, ಕಾಗದಕ್ಕೆ ಈ ಭಾಷೆ.

ನವೆಂಬರಿನಲ್ಲಿ ನಡೆದದ್ದನ್ನು ಒಮ್ಮೆಯಾದರೂ ನನ್ನ ಬಾಯಿಂದ ಕೇಳು. ಆ ಬುಧವಾರ ಬೆಳಿಗ್ಗೆ ಅಬ್ಬಾ ಚಳ್ಳಕೆರೆಯ ಗ್ಯಾರೇಜಿನಲ್ಲಿ ಎದೆ ಹಿಡಿದುಕೊಂಡು ಕುಳಿತರಂತೆ. ಜೊತೆ ಕೆಲಸ ಮಾಡುತ್ತಿದ್ದ ಪೆದ್ದಣ್ಣ ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನಗೆ ಫೋನು ಮಾಡಿದೆ. "ಆಪಾ, ಹೊರಟೆ, ನಾನು ಬರೋ ತನಕ ಎತ್ತಬೇಡ್ರಿ" ಎಂದು ಅತ್ತೆ. ಆಮೇಲೆ ನಿನ್ನ ಫೋನು ಹೊಡೆದುಕೊಂಡರೂ ಎತ್ತುವವರಿಲ್ಲ. ಸಂಜೆಯೊಳಗೆ ಮಣ್ಣು ಮಾಡೋಣ ಎನ್ನುತ್ತಿದ್ದ ಜಮಾತಿನ ಹಿರಿಯರು, "ಮಗ ಎಷ್ಟೊತ್ತಿಗೆ ಬರ್ತಾನಮ್ಮಾ?" ಎಂದು ನನ್ನನ್ನೇ ಕೇಳಿದರು. ನಾನು ಫೋನಿನಲ್ಲಿ ಲುಸಾಕಾ ಏರ್‌ಪೋರ್ಟ್, ಬೆಂಗಳೂರು ಏರ್‌ಪೋರ್ಟ್ ಎಂದು ಹೊಡೆದು ನೋಡಿದೆ. ಆರು ಸಾವಿರದ ಇನ್ನೂರು ಚಿಲ್ಲರೆ ಕಿಲೋಮೀಟರು, ಹಾರುವ ಸಮಯ ಎಂಟು ಗಂಟೆ ಎಂದು ತೋರಿಸಿತು. ಬೆಂಗಳೂರಿನಿಂದ ಚಳ್ಳಕೆರೆಗೆ ನಾಲ್ಕು ಗಂಟೆ ಸೇರಿಸಿದೆ. ಅಲ್ಲಿ ಇಲ್ಲಿ ತಡವಾದರೂ ಆಗಲಿ ಎಂದು ಇನ್ನಷ್ಟು ಸೇರಿಸಿ, "ನಾಳೆ ಬೆಳಿಗ್ಗೆಗೆಲ್ಲಾ ಇರ್ತಾನೆ" ಎಂದೆ. ಐಸ್ ಪೆಟ್ಟಿಗೆ ತರಿಸಿದರು. ಮಾರನೆಯ ದಿನ ಮಧ್ಯಾಹ್ನದ ನಮಾಜಿನವರೆಗೆ ಕಾಯಲು ಒಪ್ಪಿದರು. ನಮ್ಮಲ್ಲಿ ಅಷ್ಟು ಕಾಯುವುದೇ ಹೆಚ್ಚು, ನಿನಗೂ ಗೊತ್ತು.

ಕಾದರು ಇಫ್ತಿ. ನೀನು ಬರಲಿಲ್ಲ. ನೀನು ಬಂದದ್ದು ಶುಕ್ರವಾರ, ಶಾಮಿಯಾನ ಬಿಚ್ಚುವ ಹೊತ್ತಿಗೆ. ಬಂದವನು ನನ್ನ ಮುಖವನ್ನೂ ನೋಡದೆ ಮೂರು ದಿನ ಇದ್ದು ಹೊರಟುಹೋದೆ. ನನ್ನಿಂದ ತಪ್ಪಾಗಿದ್ದರೆ ಬೈಯಬೇಕಿತ್ತು. ಬೈಯದೆ ಹೋದವರ ಸಿಟ್ಟು ಹೊತ್ತುಕೊಂಡು ಓಡಾಡುವುದು ಬಲು ಕಷ್ಟ.

ಈಗ ಬರೆಯುತ್ತಿರುವುದು ನನ್ನ ಸಲುವಾಗಿ ಅಲ್ಲ. ಅಮ್ಮಿ ನನ್ನ ಜೊತೆಯೇ ಇದ್ದಾಳೆ. ನಿನ್ನ ಭಾವ ಶಹನವಾಜ್ ತಾನೇ ಹೋಗಿ ಕರೆದುಕೊಂಡು ಬಂದರು. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಚಳ್ಳಕೆರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ನಿನಗೆ ಹೇಳಬೇಡ ಎಂದಿದ್ದಾಳೆ, ಅದಕ್ಕೇ ಹೇಳುತ್ತಿದ್ದೇನೆ. ಅವಳು ಕೇಳುವುದು ಒಂದೇ: ಇಫ್ತಿಯನ್ನು ನೋಡಬೇಕು. ಒಂದು ವಾರ ಬಂದು ಹೋಗು.

ನೀನು ಬೈಯದಿದ್ದರೂ ನಿನ್ನ ಅಕ್ಕನೇ ಆದ
ಜೀನತ್


ಸೊಲ್ವೇಜಿ, ಜಾಂಬಿಯಾ
24 ಮಾರ್ಚ್ 2024

ಜೀನತ್ ಆಪಾ,

ಕಾಗದ ಮೊನ್ನೆ ಬಂತು. ಕಂಪನಿಯ ಅಂಚೆಚೀಲದಲ್ಲಿ ಕನ್ನಡ ಅಕ್ಷರ ಕಂಡು ಸ್ಟೋರಿನವನು ಇದ್ಯಾವ ಚಿತ್ರ ಎಂದು ಕೇಳಿದ.

ಬೈಯಲಿಲ್ಲ ಎಂದು ಬರೆದಿದ್ದೀಯ. ಈಗ ಬೈಯುತ್ತೇನೆ, ಓದು. ನೀನು ಫೋನಿನಲ್ಲಿ ನೋಡಿದ ಆ ವಿಮಾನ ಈ ಲೋಕದಲ್ಲೇ ಇಲ್ಲ. ಲುಸಾಕಾದಿಂದ ಬೆಂಗಳೂರಿಗೆ ನೇರವಾಗಿ ಹಾರುವ ವಿಮಾನವೇ ಇಲ್ಲ. ಫೋನು ಹೇಳುವುದು ಕಾಗೆ ಹಾರಿದರೆ ಎಷ್ಟು ದೂರ ಎಂಬ ಲೆಕ್ಕ. ನಾನು ಕಾಗೆಯಲ್ಲ. ನಾನಿರುವ ಗಣಿಯಿಂದ ಲುಸಾಕಾಕ್ಕೇ ಹಗಲಿಡೀ ರಸ್ತೆ. ಅಂದು ಪಿಕಪ್ಪಿನ ಹಿಂದೆ ಕುಳಿತು ಹೊರಟಾಗ ಫೋನು ಚಾರ್ಜಿಗೆ ಹಾಕಿದ್ದು ಹಾಗೇ ಮಂಚದ ಮೇಲೆ ಉಳಿಯಿತು. ನಿನ್ನ ನಂಬರಾಗಲಿ ಯಾರ ನಂಬರಾಗಲಿ ಬಾಯಿಗೆ ಬರುತ್ತಿರಲಿಲ್ಲ. ಲುಸಾಕಾ ಮುಟ್ಟಿದಾಗ ಕತ್ತಲೆ. ಮಾರನೆಯ ದಿನ ಮಧ್ಯಾಹ್ನದವರೆಗೆ ವಿಮಾನವಿಲ್ಲ. ಅದು ಹೋಗುವುದು ಆಡಿಸ್ ಅಬಾಬಾಕ್ಕೆ. ಅಲ್ಲಿ ಕಾದು ಇನ್ನೊಂದು ಹತ್ತಿದರೆ ಬೆಂಗಳೂರು.

ನೀವು ಅಬ್ಬಾನನ್ನು ಎತ್ತಿದ ಹೊತ್ತಿಗೆ ನಾನು ಲುಸಾಕಾದ ಏರ್‌ಪೋರ್ಟಿನ ಕುರ್ಚಿಯಲ್ಲಿ ಕುಳಿತಿದ್ದೆ ಆಪಾ. ವಿಮಾನ ಇನ್ನೂ ಹತ್ತಿರಲಿಲ್ಲ. ನನಗಾಗಿ ಕಾಯುತ್ತಿದ್ದಾರೆ ಎಂದುಕೊಂಡು ಆಡಿಸ್ ಅಬಾಬಾದಲ್ಲಿ ಊಟವನ್ನೂ ಮಾಡಿದೆ. ಬೆಂಗಳೂರಿನ ಬಸ್ಸು ಹಿರಿಯೂರು ದಾಟಿದ ಮೇಲೆ ಬಸ್ಸಿಗಿಂತ ಮುಂದೆ ಓಡಬೇಕು ಅನ್ನಿಸುತ್ತಿತ್ತು. ಬೀದಿಗೆ ತಿರುಗಿದರೆ ಶಾಮಿಯಾನದ ಹುಡುಗರು ಕುರ್ಚಿ ಎಣಿಸುತ್ತಿದ್ದರು. ಒಬ್ಬ ನನ್ನನ್ನು ನೋಡಿ, "ಊಟ ಆಗೋಯ್ತಣ್ಣ" ಎಂದ. ಮೂರನೆಯ ದಿನದ ಫಾತಿಹಾದ ಊಟಕ್ಕೆ ಬಂದವನು ಅಂದುಕೊಂಡಿರಬೇಕು.

ಮಣ್ಣು ಕೊಡಲಿಲ್ಲ ನಾನು. ಹೆತ್ತ ತಂದೆಗೆ ಮೂರು ಹಿಡಿ ಮಣ್ಣು ಕೊಡದ ಮಗ. ನೀವು ಹೆಂಗಸರು ಕಬರಸ್ಥಾನಕ್ಕೆ ಬರುವುದಿಲ್ಲ, ಆ ಮೂರು ಹಿಡಿ ಎಂದರೇನು ಎಂದು ನಿನಗೆ ತಿಳಿಯದು.

ಅಮ್ಮಿಯ ಕಿಡ್ನಿಯ ವಿಷಯ ಓದಿ ಎರಡು ದಿನ ಕೆಲಸದಲ್ಲಿ ಕೈ ಓಡಲಿಲ್ಲ. ಆದರೆ ಈಗ ಬರಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಹೊಸ ಕರಾರಿಗೆ ಸಹಿ ಹಾಕಿದ್ದೇನೆ. ಎರಡು ವರ್ಷಕ್ಕೆ ಒಂದು ತಿಂಗಳ ರಜೆ, ಒಂದೇ ಸಲ, ತುಂಡು ಮಾಡಿ ಕೊಡುವುದಿಲ್ಲ. ಈಗ ಒಂದು ವಾರಕ್ಕೆಂದು ಬಂದರೂ ತಿಂಗಳೇ ಮುಗಿದ ಲೆಕ್ಕ. ಆಮೇಲೆ ಯಾರು ಸತ್ತರೂ ಬಿಡರು. ಕೆಲಸ ಬಿಟ್ಟು ಬಂದರೆ ಅಮ್ಮಿಯ ಇಂಜೆಕ್ಷನ್ನಿನ ದುಡ್ಡಿಗೆ ಏನು ಮಾಡುವುದು? ಆ ರಜೆಯನ್ನು ನಾನು ಎತ್ತಿಟ್ಟಿದ್ದೇನೆ. ಅಬ್ಬಾಗೆ ಆದದ್ದು ಅಮ್ಮಿಗೆ ಆಗಕೂಡದು.

ಇಫ್ತಿಕಾರ್


ಮೊಳಕಾಲ್ಮೂರು
2 ಮೇ 2024

ಇಫ್ತಿ,

ಈದಿನ ಸೇಮಿಯಾ ಪಾಯಸಕ್ಕೆ ನೀನಿಲ್ಲದೆ ಸಕ್ಕರೆ ಹಾಕಲು ಅಮ್ಮಿ ಒಪ್ಪಲಿಲ್ಲ. ಸಪ್ಪೆ ಪಾಯಸ ಕುಡಿದು ನಿನ್ನ ಭಾವ ಮುಖ ಕಿವುಚಿದರು. ಅವಳಿಗೆ ಹೇಗೂ ಸಕ್ಕರೆ ತಿನ್ನುವ ಹಾಗಿಲ್ಲ, ನೆಪಕ್ಕೆ ನೀನು ಸಿಕ್ಕಿದೆ.

ನೀನು ಬೈದದ್ದು ಓದಿದೆ. ಎರಡೆರಡು ಸಲ ಓದಿ ಅತ್ತೆ. ಆ ಕುರ್ಚಿಯಲ್ಲಿ ನೀನು ಕುಳಿತದ್ದು ನನಗೆ ಗೊತ್ತಿರಲಿಲ್ಲ. ಫೋನು ದೊಡ್ಡದಾಗಿ ಎಂಟು ಗಂಟೆ ಎಂದು ಬರೆದು ತೋರಿಸಿದರೆ, ಮೊಳಕಾಲ್ಮೂರು, ಚಳ್ಳಕೆರೆ ಬಸ್‌ಸ್ಟ್ಯಾಂಡು ಬಿಟ್ಟು ಬೇರೆ ಸ್ಟ್ಯಾಂಡು ಕಾಣದ ನನಗೆ ಅದು ಸುಳ್ಳು ಎಂದು ತಿಳಿಯುವುದು ಹೇಗೆ? ಇಲ್ಲಿಂದ ಚಳ್ಳಕೆರೆಗೆ ಒಂದೂಕಾಲು ಗಂಟೆ ಎಂದರೆ ಒಂದೂಕಾಲು ಗಂಟೆಯೇ. ಈ ಮಾತು ಇಲ್ಲಿಗೆ ಸಾಕು. ನಿನ್ನ ನೋವು ನನ್ನ ಮೇಲಿರಲಿ.

ಆದರೆ ಇನ್ನೊಂದು ಮಾತು ಬರೆದಿದ್ದೀಯಲ್ಲ, ಅದನ್ನು ಬಿಡುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ತಾಯಿ ಬದುಕಿರುವಾಗಲೇ ಅವಳ ಮಣ್ಣಿಗೆಂದು ರಜೆ ಎತ್ತಿಟ್ಟ ಮಗನನ್ನು ಈಗಲೇ ಕಂಡದ್ದು. ಏನೋ ಇದು? ಅವಳು ಸಾಯುವುದನ್ನು ಕಾಯುತ್ತೀಯಾ, ಅವಳನ್ನು ನೋಡಲು ಬರುತ್ತೀಯಾ?

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ರಜೆಯ ವಿಷಯ ನುಂಗಿಬಿಡೋಣ ಎಂದುಕೊಂಡೆ, ಅವಳು ಬಿಡಬೇಕಲ್ಲ. "ಅಲ್ಲೇನೋ ಬಿಟ್ಟು ಓದ್ದೆ, ಹಿಂದಕ್ಕೆ ಹೋಗು" ಎಂದಳು. ಓದಿದೆ. ಕೇಳಿ ನಕ್ಕಳು. ಆಮೇಲೆ ಹೇಳಿದ್ದನ್ನು ಅವಳು ಹೇಳಿದಂತೆಯೇ ಕನ್ನಡದಲ್ಲಿ ಬರೆಯುತ್ತೇನೆ, ಬರೆ ಎಂದು ಅವಳೇ ಹೇಳಿದ್ದಾಳೆ:

"ಇಫ್ತಿ ಬೇಟಾ, ಮಣ್ಣು ಯಾರ್ ಹಾಕಿದ್ರೂ ಮಣ್ಣೇ. ಸತ್ ಮ್ಯಾಲೆ ನಂಗೇನು ತಿಳೀತೈತೆ, ಮಗ ಬಂದ್ನೋ ಇಲ್ವೋ ಅಂತ? ನಿಮ್ಮ ಅಬ್ಬಾಗೆ ಗೊತ್ತಾತಾ? ಗೊತ್ತಾಗಿದ್ರೆ ಬಂದು ಹೇಳ್ತಿರ್ಲಿಲ್ವಾ? ಈಗ ಕಣ್ಣು ಕಾಣ್ತೈತೆ, ಕಿವಿ ಕೇಳ್ತೈತೆ. ಈಗ ಬಾ. ಒಂದ್ ವಾರ ಇರು. ನಂಗೆ ಮಾಡಿ ಹಾಕಾಕಾಗಲ್ಲ, ಜೀನತ್ ಕೈಲಿ ಮಾಡಿಸ್ತೀನಿ. ನೀನು ತಿನ್ನೋದು ನೋಡ್ತೀನಿ, ಅಷ್ಟೇ."

ವೀಡಿಯೋ ಕಾಲಿನಲ್ಲಿ ದಿನಾ ನೋಡಬಹುದಲ್ಲ ಎನ್ನಬೇಡ. ಅವಳು ಅದನ್ನೂ ಕಿವಿಗೇ ಹಿಡಿಯುತ್ತಾಳೆ ಎಂದು ನಿನಗೂ ಗೊತ್ತು. ನೀನು ಕಂಡಿರುವುದು ಅವಳ ಕಿವಿಯೋಲೆಯನ್ನು ಮಾತ್ರ.

ಜೀನತ್


ಸೊಲ್ವೇಜಿ
9 ಜೂನ್ 2024

ಆಪಾ,

ನಿನ್ನ ನಂಬರನ್ನು ಬಿಡಿಸಿದ್ದೇನೆ. ಆದರೂ ಇದನ್ನು ಬರೆದೇ ಹೇಳುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ.

ನೀನು ಕೇಳಿದ್ದಕ್ಕೆ ಉತ್ತರ ನನ್ನ ಬಳಿ ಸರಿಯಾಗಿಲ್ಲ. ಆ ಶುಕ್ರವಾರ ನಡೆದದ್ದನ್ನು ಹೇಳುತ್ತೇನೆ, ನೀನೇ ಅರ್ಥ ಮಾಡಿಕೊ. ಪೆದ್ದಣ್ಣ ನನ್ನನ್ನು ಕಬರಸ್ಥಾನಕ್ಕೆ ಕರೆದುಕೊಂಡು ಹೋದ. ಇಪ್ಪತ್ತು ವರ್ಷ ಅಬ್ಬಾನ ಜೊತೆ ಗ್ರೀಸು ಮೆತ್ತಿಕೊಂಡವನು, ಅವನಿಗೆ ನನಗಿಂತ ಹೆಚ್ಚು ದುಃಖವಿತ್ತೇನೋ. ಮಣ್ಣು ಬಿಸಿಲಿಗೆ ಆಗಲೇ ಮೇಲೆ ಒಣಗಿತ್ತು. ನಾನು ಸುಮ್ಮನೆ ನಿಂತಿದ್ದೆ. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಕೈಗೆ ಹಾಕಿ, "ಹಾಕ್ಲೇ ಇಫ್ತಿ, ತಡಾ ಆದ್ರೆ ಏನಾತು, ಹಾಕು" ಎಂದ. ಹಾಕಿದೆ. ಮಣ್ಣಿನ ಮೇಲೆ ಮಣ್ಣು ಬಿತ್ತು. ಅಬ್ಬಾನ ಮೇಲೆ ಬೀಳಲಿಲ್ಲ.

ಅಂದಿನಿಂದ ಆ ದಾರಿಯನ್ನು ತಲೆಯಲ್ಲೇ ಎಷ್ಟು ಸಲ ಓಡಿಸಿದ್ದೇನೋ. ಈ ರಸ್ತೆ ಬಿಟ್ಟು ಆ ರಸ್ತೆ ಹಿಡಿದಿದ್ದರೆ, ಫೋನು ಮರೆಯದಿದ್ದರೆ, ದುಬೈ ಮೇಲೆ ಹೋಗಿದ್ದರೆ. ಈಗ ನನಗೆ ಯಾವ ವಿಮಾನ ಯಾವ ವಾರ ಎಲ್ಲಿಂದ ಏಳುತ್ತದೆ, ಯಾವುದು ತಡ, ಯಾವುದರಲ್ಲಿ ಸೀಟು ಉಳಿಯುತ್ತದೆ, ಎಲ್ಲ ಗೊತ್ತು. ಇಲ್ಲಿನವರು ಊರಿಗೆ ಹೋಗುವಾಗ ನನ್ನನ್ನೇ ಕೇಳುತ್ತಾರೆ. ಕಂಪನಿಗೆ ಲುಸಾಕಾದಲ್ಲೊಂದು ಯಾರ್ಡ್ ಇದೆ, ಅಲ್ಲಿಗೆ ವರ್ಗ ಕೇಳಿದ್ದೇನೆ. ಸಂಬಳ ಸ್ವಲ್ಪ ಕಡಿಮೆ. ಆದರೆ ಏರ್‌ಪೋರ್ಟು ಅಲ್ಲಿಂದ ಕೂಗಳತೆ. ಬ್ಯಾಗು ಕಟ್ಟಿಟ್ಟಿದ್ದೇನೆ. ಬೆಂಗಳೂರಿಗೆ ಕಾರು ತರುವ ಮಾತನ್ನು ಪೆದ್ದಣ್ಣನ ಹತ್ತಿರ ಆಡಿದ್ದೇನೆ.

ಅಮ್ಮಿ ಹೇಳಿದ್ದನ್ನು ಓದಿದೆ. ಅವಳು ಹಾಗೇ ಹೇಳುವವಳು, ತನಗೆ ಏನೂ ಬೇಡ ಎನ್ನುವವಳು. ಈಗ ಬಂದು, ಒಂದು ತಿಂಗಳು ಕಳೆದು ಮರಳಿದ ಮೇಲೆ ಏನಾದರೂ ಆದರೆ ನಾನು ಎರಡನೆಯ ಸಲವೂ ಆ ಕುರ್ಚಿಯಲ್ಲೇ ಕುಳಿತಿರಬೇಕು. ಅದನ್ನು ತಡೆಯುವ ಶಕ್ತಿ ನನಗಿಲ್ಲ. ಭಯವಾಗುತ್ತದೆ ಆಪಾ, ಮುಚ್ಚುಮರೆ ಏನು. ಡಾಕ್ಟರ ಮುಖ ಸ್ವಲ್ಪ ಬದಲಾದರೂ ನನಗೆ ಫೋನು ಮಾಡು. ನಾನು ಬರುತ್ತೇನೆ, ಈ ಸಲ ತಪ್ಪುವುದಿಲ್ಲ.

ಅಮ್ಮಿಗೆ ಬಕ್ರೀದಿನ ಸಲಾಮು ಹೇಳು.

ಇಫ್ತಿಕಾರ್


ಮೊಳಕಾಲ್ಮೂರು
28 ಜುಲೈ 2024

ಇಫ್ತಿ,

ಆ ಮಣ್ಣಿನ ಮಾತು ಓದಿ ನಿನ್ನನ್ನು ಬೈಯಲು ಬಾಯಿ ಬರಲಿಲ್ಲ. ಇನ್ನೊಂದು ಉಪಾಯ ಅಮ್ಮಿಯೇ ಹುಡುಕಿದ್ದಾಳೆ, ಕೇಳು.

ಮಂಗಳವಾರ ಚಳ್ಳಕೆರೆಯಿಂದ ಬರುತ್ತಿದ್ದೆವು. ಡಯಾಲಿಸಿಸ್ ಆದ ದಿನ ಅವಳಿಗೆ ಕಾಲಲ್ಲಿ ಜೀವ ಇರುವುದಿಲ್ಲ, ಬಸ್ಸಿನಲ್ಲಿ ನನ್ನ ತೋಳಿನ ಮೇಲೆ ತಲೆ ಹಾಕಿ ಮಲಗುತ್ತಾಳೆ. ತಳಕಿನಲ್ಲಿ ಬಸ್ಸು ನಿಂತಾಗ ಎಚ್ಚರವಾಯಿತು. ಕಡಲೆಕಾಯಿ ಮಾರುವವಳು ಹತ್ತಿದಳು, ಇಳಿದಳು. ಅಮ್ಮಿ ಕಿಟಕಿಯಾಚೆ ನೋಡುತ್ತಾ, "ಆ ಲುಸಾಕಾ ಎಂಟೇ ಗಂಟೆ ಅಂದಿದ್ಯಲ್ಲ ನೀನು?" ಎಂದಳು. ಅದು ಸುಳ್ಳು ಲೆಕ್ಕ ಅಮ್ಮಿ ಎಂದೆ. "ಹದಿನಾರೇ ಆಗ್ಲಿ ಬಿಡು. ಅವ್ನು ಬರಾಕಾಗಲ್ಲ ಅಂದ್ರೆ ನಾನೇ ಹೋಗ್ತೀನಿ. ಈ ಸೂಜಿ ಚುಚ್ಚಿಸ್ಕೊಂಬರಾಕೇ ಒಂದ್ ಹಗಲು ಹೋಗ್ತೈತೆ, ಇನ್ನೊಂದ್ ಹಗಲು ಕುಂತ್ರೆ ಮಗನ ಮುಖನಾದ್ರೂ ಕಾಣ್ತೈತೆ." ಕಂಡಕ್ಟರ್ ನಕ್ಕುಬಿಟ್ಟ. ನಾನೂ ನಕ್ಕೆ. ಅವಳು ನಗಲಿಲ್ಲ. ಮನೆಗೆ ಬಂದವಳೇ ಅಳಿಯನನ್ನು ಕೂರಿಸಿಕೊಂಡು ಪಾಸ್‌ಪೋರ್ಟು ಮಾಡಿಸಲು ಎಷ್ಟು ದಿನ ಬೇಕು ಎಂದು ಕೇಳಿದಳು. ಮಾರನೆಯ ದಿನ ನನ್ನನ್ನು ಬಜಾರಿಗೆ ನಡೆಸಿಕೊಂಡು ಹೋಗಿ ಫೋಟೋ ತೆಗೆಸಿಕೊಂಡಳು. ಫೋಟೋದಲ್ಲಿ ಮುಖ ಊದಿಕೊಂಡಿದೆ, ಇನ್ನೊಮ್ಮೆ ತೆಗೆ ಎಂದು ಸ್ಟುಡಿಯೋದವನ ಜೊತೆ ಜಗಳವಾಡಿದಳು. ಊದಿರುವುದು ಫೋಟೋದಲ್ಲಲ್ಲ ಎಂದು ನಾನು ಹೇಳಲಿಲ್ಲ.

ಪಕ್ಕದ ಮನೆಯ ಲಕ್ಷ್ಮಕ್ಕ ಮಗ್ಗದ ಗುಂಡಿಯಿಂದಲೇ ಕತ್ತು ಎತ್ತಿ ಅಮ್ಮಿಯನ್ನು ದಿನಾ ಕೇಳುತ್ತಾಳೆ, "ಏಮಮ್ಮಾ ಸುಗ್ರಾ ಬೀ, ಕೊಡುಕು ಎಪ್ಪುಡು ವಸ್ತಾಡು?" ಎಂದು. ಮಗ ಯಾವಾಗ ಬರುತ್ತಾನೆ ಎಂದು ಕೇಳದ ನೆರೆಯವರು ಈ ಬೀದಿಯಲ್ಲಿ ಇಲ್ಲ. ಅಮ್ಮಿ ಅವಳಿಗೆ ತೆಲುಗಿನಲ್ಲೇ "ವಸ್ತಾಡು, ವಸ್ತಾಡು" ಎನ್ನುತ್ತಾಳೆ. ಆ ಉತ್ತರ ಕೇಳುವಾಗ ನಾನು ಅಡಿಗೆಮನೆಗೆ ಹೋಗಿಬಿಡುತ್ತೇನೆ.

ನಿನ್ನ ಭಯ ನನಗೆ ತಿಳಿಯುತ್ತದೆ. ನನಗೂ ಭಯವೇ. ಆದರೆ ನಿನ್ನ ಭಯ ಹೊರುವ ಕೆಲಸವನ್ನು ಅವಳಿಗೆ ಯಾಕೆ ಕೊಡುತ್ತೀಯ? ನೀನು ವಿಮಾನದ ದಾರಿಯೆಲ್ಲ ಕಲಿತೆ, ಚೆನ್ನಾಗಾಯಿತು. ಆ ದಾರಿಯಲ್ಲಿ ಒಂದು ಸಲ ಬಾ ಮತ್ತೆ.

ಜೀನತ್


ಲುಸಾಕಾ
1 ಸೆಪ್ಟೆಂಬರ್ 2024

ಆಪಾ,

ಲುಸಾಕಾ ಯಾರ್ಡಿಗೆ ಬಂದು ಎರಡು ವಾರವಾಯಿತು. ಇಲ್ಲಿಂದ ವಿಮಾನ ಇಳಿಯುವುದು ಏಳುವುದು ಕಾಣುತ್ತದೆ. ಎಂಜಿನ್ ಬಿಚ್ಚುತ್ತಿದ್ದವನು ಸದ್ದು ಕೇಳಿದೊಡನೆ ತಲೆ ಎತ್ತುತ್ತೇನೆ, ಜೊತೆಯವರು ಗೇಲಿ ಮಾಡುತ್ತಾರೆ.

ಪಾಸ್‌ಪೋರ್ಟಿನ ಫೋಟೋದ ವಿಷಯ ಓದಿದ ದಿನ ಆಫೀಸಿಗೆ ಹೋದೆ. ರಜೆ ಈಗಲೇ ಬೇಕು ಎಂದೆ. ಸಾಹೇಬರು ಕೆಟ್ಟವರಲ್ಲ. "ತಗೋ, ಆದರೆ ಆಮೇಲೆ ಕರಾರು ಮುಗಿಯುವ ತನಕ ಕೇಳಬೇಡ, ತಾಯಿಗೆ ಹೆಚ್ಚುಕಡಿಮೆಯಾದರೂ ಕೇಳಬೇಡ" ಎಂದರು. ಪೆನ್ನು ಕೈಯಲ್ಲಿತ್ತು. ಇಟ್ಟು ಬಂದೆ. ಮತ್ತೊಂದು ದಿನವೂ ಹೋಗಿ ಬಾಗಿಲಿಂದಲೇ ಬಂದೆ.

ನನಗೆ ಒಂದು ಸಹಾಯ ಮಾಡು. ಅಮ್ಮಿಗೆ ಇನ್ನೆಷ್ಟು ದಿನ ಎಂದು ಡಾಕ್ಟರನ್ನು ಕೇಳಿ ತಿಳಿಸು. ವರ್ಷಗಟ್ಟಲೆ ಇದೆ ಎಂದರೆ ಕಾಯುತ್ತೇನೆ, ತಿಂಗಳುಗಳೇ ಎಂದರೆ ಹೊರಟುಬಿಡುತ್ತೇನೆ. ಅದು ತಿಳಿಯದೆ ಏನು ಮಾಡಲೂ ಕೈ ಬರುತ್ತಿಲ್ಲ.

ಇಫ್ತಿಕಾರ್


ಮೊಳಕಾಲ್ಮೂರು
29 ಸೆಪ್ಟೆಂಬರ್ 2024

ಇಫ್ತಿ,

ಡಾಕ್ಟರನ್ನು ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇದೇನು ಬಸ್ಸಿನ ಬೋರ್ಡ್ ಏನಮ್ಮಾ, ಟೈಮ್ ಬರ್ದು ಹಾಕಾಕೆ? ನೋಡೋರಿದ್ರೆ ನೋಡ್ಕೊಂಡ್ ಹೋಗ್ಲಿ" ಎಂದರು. ಅದರಲ್ಲಿ ವರ್ಷ ಎಷ್ಟು, ತಿಂಗಳು ಎಷ್ಟು ಎಂದು ನೀನೇ ಹುಡುಕಿಕೊ.

ಇನ್ನೊಂದು ವಿಷಯ. ಪ್ರತಿ ಶುಕ್ರವಾರ ನಿನ್ನ ಫೋನು ಮುಗಿದ ಮೇಲೆ ಅಮ್ಮಿ ನನ್ನ ಕಡೆ ತಿರುಗಿ, "ಯಾವಾಗ ಬರ್ತಾನಂತೆ?" ಎಂದು ಕೇಳುತ್ತಿದ್ದಳು. ನಿನ್ನನ್ನು ಕೇಳುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದಳು, ನಿನಗೆ ಕಷ್ಟವಾಗಬಾರದು ಎಂದು. ನಾನು ಏನಾದರೊಂದು ಹೇಳುತ್ತಿದ್ದೆ. ಈ ತಿಂಗಳು ಅವಳು ಕೇಳುತ್ತಿಲ್ಲ. ಫೋನು ಕೊಟ್ಟು ಗೋಡೆಯ ಕಡೆ ಹೊರಳಿ ಮಲಗುತ್ತಾಳೆ. ಪಾಸ್‌ಪೋರ್ಟಿನ ಮಾತೂ ಎತ್ತುತ್ತಿಲ್ಲ. ನಿನ್ನೆ ಲಕ್ಷ್ಮಕ್ಕ ಎಂದಿನಂತೆ ಕೇಳಿದಳು. ಅಮ್ಮಿ, ಬಿಸಿಲು ಜಾಸ್ತಿ ಆಯ್ತಮ್ಮಾ ಎಂದು ಒಳಗೆ ಬಂದುಬಿಟ್ಟಳು. ಅಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳುವುದೂ ಇಲ್ಲ.

ನಾನು ಹಿಂದೆ ಜಮಾತಿಗೆ ತಪ್ಪು ಲೆಕ್ಕ ಕೊಟ್ಟವಳು. ಈ ಸಲ ನನ್ನ ಹತ್ತಿರ ಲೆಕ್ಕವೇ ಇಲ್ಲ. ನಿನ್ನ ಭಾವ ಹೇಳಿಕೊಟ್ಟು ಬರೆಸುತ್ತಿಲ್ಲ, ಕೈ ಮುಗಿದು ನಾನೇ ಕೇಳುತ್ತಿದ್ದೇನೆ. ಅವಳು ಸತ್ತ ಮೇಲೆ ನೀನು ಬಾರದಿದ್ದರೆ ಯಾರೂ ನಿನ್ನನ್ನು ಏನೂ ಅನ್ನದಂತೆ ನಾನು ನೋಡಿಕೊಳ್ಳುತ್ತೇನೆ. ಈಗ ಬಾ.

ಜೀನತ್


ಲುಸಾಕಾ
19 ಜನವರಿ 2025

ಜೀನತ್ ಆಪಾ,

ನೆಟ್ಟಗೆ ತಲುಪಿದೆ. ನೀನು ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಆಡಿಸ್ ಅಬಾಬಾದಲ್ಲಿ ಬಿಚ್ಚಿ ನೋಡಿ ವಾಪಸ್ಸು ಕೊಟ್ಟರು. ಬ್ಯಾಗು ಬಿಚ್ಚಿ ಬಟ್ಟೆಯನ್ನೆಲ್ಲ ಕಪಾಟಿಗೆ ಹಾಕಿದೆ. ಇನ್ನು ಅದನ್ನು ಕಟ್ಟಿಡುವ ಕೆಲಸವಿಲ್ಲ.

ನಿನ್ನ ಸೆಪ್ಟೆಂಬರಿನ ಕಾಗದ ನವೆಂಬರ್ ಮೊದಲ ವಾರ ಕೈ ಸೇರಿತ್ತು. ನಾನು ಅದಕ್ಕೆ ಉತ್ತರ ಬರೆಯಲಿಲ್ಲ, ನೀನೂ ಯಾಕೆ ಎಂದು ಕೇಳಲಿಲ್ಲ. ಓದಿ, ಇನ್ನು ಸ್ವಲ್ಪ ದಿನ ನೋಡೋಣ ಎಂದುಕೊಂಡೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ಡಿಸೆಂಬರಿನ ಆ ಬುಧವಾರ ನೀನು ಫೋನು ಮಾಡಿದಾಗ ನಿನ್ನ ದನಿ ಕೇಳಿಯೇ ತಿಳಿಯಿತು. ಎಲ್ಲವೂ ನಾನು ಕಟ್ಟಿಟ್ಟಂತೆ ನಡೆಯಿತು. ಮಧ್ಯಾಹ್ನದ ವಿಮಾನದಲ್ಲಿ ಸೀಟು ಸಿಕ್ಕಿತು. ಆಡಿಸ್ ಅಬಾಬಾದಲ್ಲಿ ಇಳಿದ ಕೂಡಲೇ ಇನ್ನೊಂದು ಸಿಕ್ಕಿತು. ಬೆಂಗಳೂರಿನಲ್ಲಿ ಪೆದ್ದಣ್ಣ ಬೆಳಗಾಗುವ ಮುಂಚೆಯೇ ಬಂದು ಕಾದಿದ್ದ. ದಾರಿಯುದ್ದಕ್ಕೂ ಎಲ್ಲೂ ನಿಲ್ಲಿಸಲಿಲ್ಲ. ಒಂದೇ ಸಲ, ತುಮಕೂರು ದಾಟಿದ ಮೇಲೆ, "ಕಾಯ್ತಾರೆ ಕಣ್ಲೇ, ಅಳಬ್ಯಾಡ" ಎಂದ. ನಾನು ಅಳುತ್ತಿರಲಿಲ್ಲ. ಗಡಿಯಾರ ನೋಡುತ್ತಿದ್ದೆ.

ಚಳ್ಳಕೆರೆಯ ಬೀದಿಗೆ ತಿರುಗಿದಾಗ ಶಾಮಿಯಾನ ಹಾಗೇ ಇತ್ತು. ಹಿರಿಯರು ಎದ್ದು ಬಂದು ತಬ್ಬಿಕೊಂಡರು. "ನಸೀಬ್ದಾರ ಕಣಪ್ಪ ನೀನು, ಟೈಮಿಗೆ ಸರಿಯಾಗಿ ಬಂದೆ" ಎಂದು ಒಬ್ಬರಲ್ಲ, ಎಲ್ಲರೂ ಹೇಳಿದರು. ಕಫನ್ ಬಟ್ಟೆ ಸರಿಸಿ ಮುಖ ತೋರಿಸಿದರು. ನಾನು ನೋಡಿದೆ. ವರ್ಷದಿಂದ ಅಮ್ಮಿ ನನ್ನನ್ನು ನೋಡಬೇಕು ಅಂದಿದ್ದಳು, ನಾನು ಅವಳನ್ನು ನೋಡಿದೆ. ಮುಖ ಊದಿತ್ತು. ನೀನು ಬರೆದಿದ್ದೆ, ಆದರೂ ಅಷ್ಟು ಎಂದು ತಿಳಿದಿರಲಿಲ್ಲ. ನನ್ನ ತಾಯಿಯನ್ನು ನಾನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು ಆಪಾ.

ಹೆಗಲು ಕೊಟ್ಟೆ. ಅಬ್ಬಾನ ಪಕ್ಕದಲ್ಲೇ ಇಳಿಸಿದೆವು. ಎಲ್ಲರಿಗಿಂತ ಮೊದಲು ನನ್ನನ್ನು ಮುಂದೆ ಬಿಟ್ಟರು. ಮೂರು ಹಿಡಿ ಮಣ್ಣು ಕೊಟ್ಟೆ. ಅದಕ್ಕೆ ಎಷ್ಟು ಹೊತ್ತು ಬೇಕಾಯಿತು ಎಂದು ಹೇಳಲೂ ನಾಚಿಕೆಯಾಗುತ್ತದೆ. ಕೈ ಜಾಡಿಸಿ ಹಿಂದೆ ಸರಿದೆ. ಮುಗಿಯಿತು. ಇದಕ್ಕಾಗಿಯೇ ನಾನು ಊರು ಬದಲಾಯಿಸಿದ್ದು, ಕೆಲಸ ಬದಲಾಯಿಸಿದ್ದು, ವಿಮಾನದ ದಾರಿಯೆಲ್ಲ ಕಲಿತದ್ದು. ಮನಸ್ಸಿಗೆ ಏನೋ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಪೆದ್ದಣ್ಣ ನೀರು ಕೊಟ್ಟ, ಕೈ ತೊಳೆದುಕೊಂಡೆ.

ಆಮೇಲೆ ನಿನ್ನ ಮನೆಗೆ ಬಂದೆ. ನೀನು ಬೈಯುತ್ತೀಯ ಎಂದು ದಿನಾ ಕಾದೆ. ಬೆಳಿಗ್ಗೆ ಚಹಾ ಕೊಡುವಾಗ ಬೈಯಬಹುದು, ಊಟಕ್ಕೆ ಬಡಿಸುವಾಗ ಬೈಯಬಹುದು ಎಂದು ನಿನ್ನ ಮುಖವನ್ನೇ ನೋಡುತ್ತಿದ್ದೆ. ನೀನು ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋಗುತ್ತಿದ್ದೆ. ಬೈಯದೆ ಬಿಟ್ಟವರ ಸಿಟ್ಟು ಎಂಥದು ಎಂದು ನನಗೂ ತಿಳಿಯಿತು. ನಿನಗೆ ಸಿಟ್ಟೂ ಇರಲಿಲ್ಲವೇನೋ, ಬರೀ ದಣಿವಿತ್ತೇನೋ. ಬೇಗ ಹೊರಟುಬಿಡೋಣ ಎಂದು ಕಂಪನಿಗೆ ಫೋನು ಮಾಡಿದೆ. ವಾಪಸ್ಸು ಟಿಕೆಟ್ಟು ತಿಂಗಳಿಗೇ ಆಗಿದೆ, ಅಲ್ಲಿಯವರೆಗೆ ಊರಲ್ಲೇ ಇರು ಎಂದರು.

ಜಗಲಿಯ ಮೇಲೆ ಕುಳಿತೆ. ಮಗ್ಗದ ಸದ್ದು ಕೇಳುತ್ತಿತ್ತು. ಲಕ್ಷ್ಮಕ್ಕ ಕತ್ತು ಎತ್ತಿ ನನ್ನನ್ನು ನೋಡಿ, ಏನೂ ಕೇಳದೆ ಮತ್ತೆ ಬಗ್ಗುತ್ತಿದ್ದಳು. ನಿನ್ನ ಮನೆಯಲ್ಲಿ ಮಾಡುವುದಕ್ಕೆ ನನಗೆ ಏನೂ ಇರಲಿಲ್ಲ, ಹೋಗುವುದಕ್ಕೆ ಎಲ್ಲೂ ಇರಲಿಲ್ಲ. ನೀನು ಮಾಡಿ ಹಾಕಿದ್ದನ್ನು ತಿನ್ನುತ್ತಿದ್ದೆ. ದಿನಗಳು ಮುಗಿಯುತ್ತಲೇ ಇರಲಿಲ್ಲ.

ಅಮ್ಮಿ ಕೇಳಿದ್ದು ಒಂದು ವಾರ ಆಪಾ. ನನ್ನ ಹತ್ತಿರ ಒಂದು ತಿಂಗಳಿತ್ತು.

ನಿನ್ನ ತಮ್ಮ
ಇಫ್ತಿಕಾರ್